ನಮ್ಮ ಮನ್ಯಾವ್ರ ಮೂರನೇ ಪ್ಲೇಟು

ಮಂದಿ ಮನ್ಯಾಗ ಹಾಲು ಉಕ್ಕತೈತಿ, ಬೆಕ್ಕು ಮೊಸರು ಕುಡಿತೈತಿ, ಅಷ್ಟರಾಗ ದಿನಾ ಮುಗಿತೈತಿ. ನಮ್ಮ ಮನ್ಯಾಗ ಹಂಗಲ್ಲ ನೋಡ್ರಿ. ಹಾಡೂ ಗಂಡನ್ನ ಕಟ್ಕೊಂಡ ಮ್ಯಾಲ ಏನಾರೆ ಒಂದು ನಗೂ ಪ್ರಸಂಗ ಮನಿ ಹುಡುಕ್ಕೊಂಡು ಬಂದ ಬರತೈತಿ. ಬ್ಯಾಡಂದ್ರೂ ಬಿಡೂದಿಲ್ಲ.

ನಮ್ಮ ಮನ್ಯಾವ್ರು ವಿಜಾಪುರದಾಗ ಸರಕಾರಿ ಕಚೇರಿ ಒಳಗ ಕಾರಕೂನರು. ಊರು ಘೋಣಸಗಿ. ಹೊಲಾ, ಎಮ್ಮಿ, ಅತ್ತಿ, ಮಾವ ಎಲ್ಲಾ ಅಲ್ಲೆ. ನಾವಿಬ್ಬರು ಜೋರಾಪುರ ಪೇಟ್ಯಾಗ ಬಾಡಗಿ ಮನ್ಯಾಗ. ಕಚೇರಿ ಬಿಟ್ಟು ಬಂದು ಚಹಾ ಕುಡದ್ರಂದ್ರ ಇವರ ಕೈಯಾಗ ಮ್ಯಾಂಡೊಲಿನ್ ಬರತಿತ್ತು. ಹಾಡವ್ರೂ ಇವರ. ಇವರ ಜೋಡಿ ಇನ್ನ ಇಬ್ಬರು. ಒಬ್ಬರು ಸಾಲಿ ಮಾಸ್ತರು, ಬ್ಯಾಂಜೋ ಬಾರಿಸವ್ರು. ಬ್ಯಾಂಜೋ ಅಂದ್ರ ಟೈಪ್ ಮಷೀನಿನಂಗ ಗುಂಡಿ ಒತ್ತಿಕೋತ ತಂತಿ ಮೀಟೂ ಪೆಟ್ಟಿಗಿ. ಇನ್ನೊಬ್ಬ ಟೇಲರ, ಢೋಲಕಿ ಬಡಿಯಾಂವ.

ಇದು ಎಪ್ಪತ್ತರ ಸುಮಾರಿನ ಮಾತು. ಆಗ ಹಾಡು ಅಂದ್ರ ಗ್ರಾಮೊಫೋನಿನ ಕರೇ ಪ್ಲೇಟು. ಇವರ ಮೊದಲನೇ ಪ್ಲೇಟು ಭರ್ಜರಿ ನಡೀತು. ಲಗ್ನದ ಮೈಕಿನಾಗ ಅದ, ಕುಬಸದ ಮೈಕಿನಾಗ ಅದ. ಎರಡನೇದು ಉಪ್ಪಿಲ್ಲದ ಪಲ್ಯಾ ಆತು. ಮೂರನೇದಕ್ಕ ಪುಣೆ ಕಂಪನಿ ಸಾಹೇಬ್ರು ಖಡಾಖಡಿ ಹೇಳಿಬಿಟ್ರು, "ಇದು ನಡೀಲಿಲ್ಲಂದ್ರ ಮತ್ತ ಈ ಕಡೆ ಬರಬ್ಯಾಡ್ರಿ." ಊರಾಗ ಮಾವನೋರು ಇನ್ನೂ ಒಂದು ಹೆಜ್ಜಿ ಮುಂದ ಹೋಗಿ, "ಇದು ನಡೀಲಿಲ್ಲಂದ್ರ ಆ ಡಬ್ಬಿ ಅಟ್ಟಕ್ಕ ಒಗಿ, ರಜಾ ದಿನಾ ಹೊಲಕ್ಕ ಬಾ" ಅಂದ್ರು.  ಇವರು ನನ್ನ ಮುಂದ ಒಂದ ಮಾತು ಅಂದ್ರು, "ಹಾಡು ಬಿಟ್ಟ ಮ್ಯಾಲ ನಾ ಬರೇ ಕಾರಕೂನ ಆಗಿ ಉಳಿತೀನಿ ನೋಡು." 

ಗಾದಿ ಹೊತ್ತು ಬಂದಾಕಿ

ತಾಲೀಮು ನಮ್ಮ ಪಡಸಾಲ್ಯಾಗ. ಮ್ಯಾಂಡೊಲಿನ್ನೂ ಬ್ಯಾಂಜೋನೂ ಕೂಡಿದ್ರ ಝಣಝಣ ಝಣಝಣ, ಅಡಗಿ ಮನ್ಯಾಗ ನನ್ನ ಪಾತೇಲಿ ಮುಚ್ಚಳಾ ಥರಥರ ನಡಗತಿದ್ದವು. ಓಣಿ ಮಂದಿ ಪಾಪ ಏನೂ ಅಂತಿರಲಿಲ್ಲ. ಕಾರಕೂನರ ಮನಿ, ನಾಳೆ ಏನಾರೆ ಕೆಲಸಾ ಬಿದ್ದೀತು ಅಂತ ಸುಮ್ಮನಿರತಿದ್ರು.

ಒಂದಿನ ಸಂಜಿಮುಂದ ಹಿಂದಿನ ಓಣಿ ಅಜ್ಜಿ ತೆಲಿ ಮ್ಯಾಲ ಹಳೇ ಗಾದಿ ಹೊತ್ಕೊಂಡು ಬಂದ್ಳು. ಬಂದಾಕಿನ ಮೂರೂ ಮಂದಿ ನಡುವ ಧಪ್ ಅಂತ ಒಗದು ಕುಂತ್ಳು.

"ಯವ್ವಾ, ಬಾಳ ದಿನಾ ಆತು ಕಾಯಾಕತ್ತು. ಒಳಗಿನ ಅರಳಿ ಎಲ್ಲಾ ಗಂಟ ಗಂಟ ಆಗೈತಿ. ನಿಮ್ಮದು ಮುಗಿದ ಮ್ಯಾಲ ನಂದೊಂದು ಹಿಂಜಿಸಿ ಕೊಡಬೇ."

ನಮಗ ಮೊದಲ ತಿಳೀಲಿಲ್ಲ. ಆಮ್ಯಾಲ ಹೊಳೀತು. ತಂತಿ ಸಪ್ಪಳಾ ಕೇಳಿದಾಕಿ, ಗಾದಿ ಹಿಂಜಾಂವ ತನ್ನ ಅರಳಿ ಹಿಂಜೂ ತಂತಿ ಬಿಲ್ಲು ತಗೊಂಡು ನಮ್ಮ ಮನಿಗೆ ಬಂದಾನ ಅಂತ ತಿಳ್ಕೊಂಡಿದ್ಳು. ಮಾಸ್ತರಿಗೆ ಸಿಟ್ಟು ನೆತ್ತಿಗೇರಿತು.

"ಅಜ್ಜಿ, ಇದು ಸಂಗೀತ ಐತಿ, ಸಂಗೀತ!"

"ಹೌದನ?" ಅಂದ್ಳು ಅಜ್ಜಿ, ಮೂರೂ ಮಂದಿನ್ನ ಒಬ್ಬೊಬ್ಬರನ್ನ ನೋಡಿ. "ಮತ್ತ ಇಷ್ಟು ದಿನಾ ಹಿಂಜಾಕತ್ತೀರಿ, ಏನ ಮೆತ್ತಗ ಆತು?"

ಇವರು ಮ್ಯಾಂಡೊಲಿನ್ ಕೆಳಗಿಟ್ಟು ನಕ್ಕಿದ್ದ ನಕ್ಕಿದ್ದು. ಕಡೀಕ ಆಕಿನ್ನ ಬರಿಗೈಲೆ ಕಳಿಸಬಾರದು ಅಂತ ಟೇಲರ ಗಾದಿ ಹರದಿದ್ದನ್ನ ಹೊಲದು ಕೊಟ್ಟ. ಆವತ್ತಿನ ತಾಲೀಮಿನಾಗ ಯಾರಿಗರೆ ಉಪಯೋಗಕ್ಕ ಬಂದದ್ದು ಅದೊಂದ ನೋಡ್ರಿ.

ರೊಟ್ಟಿ ಬಾರಿಸಿದ್ದು

ಹಿಂದಿನ ಎರಡೂ ಸಲ ಪುಣೆಕ್ಕ ಹ್ವಾದಾಗ ಗಂಡಸ್ರು ಹೊರಗಿಂದು ತಿಂದು ಹೊಟ್ಟಿ ಕೆಡಿಸ್ಕೊಂಡು ಬಂದಿದ್ರು. ಎರಡನೇ ಪ್ಲೇಟು ಸಪ್ಪಗಾಗಿದ್ದು ಅದಕ್ಕ ಅಂತ ನಮ್ಮತ್ತಿ ತೀರ್ಮಾನ. "ಈ ಸಲ ಸೊಸಿ ಹೋಗ್ಲಿ, ನಾ ರೊಟ್ಟಿ ಕಟ್ಟಿ ಕೊಡ್ತೀನಿ" ಅಂದ್ರು. ಬಿಳಿಜ್ವಾಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಎಲ್ಲಾ ಕೂಡಿ ದೊಡ್ಡ ಗಂಟು. ಸೊಲ್ಲಾಪುರದಾಗ ರೈಲು ಬದಲಿ ಮಾಡೂದ್ರಾಗ ಮ್ಯಾಂಡೊಲಿನ್ನಿಗಿಂತ ಆ ಗಂಟಿನ ಕಾಳಜಿನ ಜಾಸ್ತಿ ಆಗಿತ್ತು.

ಹಾಡು ತುಂಬೂ ಖೋಲಿಗೆ ಕಿಟಕಿ ಇಲ್ಲ, ಗೋಡಿ ತುಂಬಾ ದಪ್ಪ ಅರಿವಿ ಬಡದಿದ್ರು. ಸಾಹೇಬ್ರು ಮರಾಠಿ ಮಂದಿ. ನಮ್ಮ ಜೋಡಿ ಹರಕು ಮುರಕು ಕನ್ನಡ ಮಾತಾಡವ್ರು, ಆದ್ರ ಹಾಡಿನ ಅರ್ಥ ತಿಳಿತಿರಲಿಲ್ಲ. "ಕೆಂಪು ದೀಪ ಹತ್ತಿದ್ರ ಯಾರೂ ಉಸರಾಡಬ್ಯಾಡ್ರಿ" ಅಂದ್ರು.

ಮೊದಲನೇ ಹಾಡು ಬಂಗಾರ. ಇವತ್ತಿಗೂ ಅದರಾಗ ಹೆಸರಿಡಾಕ ಏನೂ ಇಲ್ಲ. ಎರಡನೇದು ಪ್ಲೇಟಿಗೆ ಉದ್ದ ಆಗತೈತಿ, ಲಗೂ ಹಾಡ್ರಿ ಅಂದ್ರು. ಅಷ್ಟಂದಿದ್ದ ತಡಾ, ಟೇಲರ ಢೋಲಕಿನ್ನ ತನ್ನ ಹೊಲಿಗಿ ಮಷೀನ್ ಓಡಿಸಿದಂಗ ಓಡಿಸಿಬಿಟ್ಟ. ಹಾಡಿನಾಗ ಹೆಣ್ಣಮಗಳು ಕೊಡಾ ಹೊತ್ತು ಮೆಲ್ಲಕ ಬಾವಿಗೆ ಹೋಗಬೇಕಾಗಿತ್ತು. ನಮ್ಮ ಪ್ಲೇಟಿನಾಗ ನಾಯಿ ಬೆನ್ನ ಹತ್ತಿದಂಗ ಓಡಿದ್ಳು.

ಮೂರನೇ ಹಾಡಿನಾಗ ಮಾಸ್ತರಿಗೆ ನಡುವ ಕೆಲಸಾ ಇರಲಿಲ್ಲ, ಸುರೂಕ್ಕ ಕಡೀಕ್ಕ ಅಷ್ಟ. ಹಸದಿದ್ರು. ಮೂಲ್ಯಾಗ ಕುಂತು ಸದ್ದಿಲ್ಲದ ಗಂಟು ಬಿಚ್ಚಿದ್ರು, ರೊಟ್ಟಿ ತಗದ್ರು. ಕಡಕ್ ರೊಟ್ಟಿನ್ನ ಸದ್ದಿಲ್ಲದ ಮುರಿಯಾಂವ ಇನ್ನೂ ಹುಟ್ಟಿಲ್ಲ.

ಕಟಕ್!

ಸಾಹೇಬ್ರು ಗಾಜಿನ ಗ್ವಾಡಿ ಆಚೆ ಜಿಗದು ನಿಂತ್ರು.  ಮುಗೀತು ಇನ್ನ, ಗಂಟು ಸಮೇತ ಹೊರಗ ಹಾಕ್ತಾರ ಅನ್ಕೊಂಡೆ. ಅವರು ಒಳಗ ಬಂದು, "ಏ, ಯಾವ ವಾದ್ಯ ಅದು? ಒಂದ ಸಲಾ ಯಾಕ ಬಾರಿಸಿದ್ರಿ? ತಾಳಕ್ಕ ಸರಿಯಾಗಿ ಬಾರಿಸ್ಕೋತ ಹೋಗ್ರಿ!" ಅಂದ್ರು. ತಮಗ ತಿಳೀದಿದ್ದೆಲ್ಲಾ ಕಲಾ ಅಂತ ನಂಬೂ ಮನಷ್ಯಾ ಅವರು. ಮಾಸ್ತರು ಬ್ಯಾಂಜೋ ಪಾಳಿ ಬರೂತನಾ ತಾಳಕ್ಕೊಂದು ರೊಟ್ಟಿ ಮುರಕೋತ ಹ್ವಾದ್ರು. ನಮ್ಮ ಮಧ್ಯಾಹ್ನದ ಊಟಾ ಪೂರಾ ಪ್ಲೇಟಿನಾಗ ಹೋತು.

ಮುಂದ ಬಬಲೇಶ್ವರದಾಗ ಯಾರೋ ತಿಳದವ್ರು ಇವರನ್ನ ತಡದು, "ಆ ಮೂರನೇ ಹಾಡಿನಾಗ ಕಟ ಕಟ ಅಂತೈತಲ್ರಿ, ಅದೇನು ಚಿಟಿಕಿನೋ, ಬ್ಯಾರೆ ಏನೋ?" ಅಂತ ಕೇಳಿದ್ರು.

ಇವರು ಒಂಚೂರೂ ನಗಲಿಲ್ಲ. "ಬಿಳಿಜ್ವಾಳರಿ" ಅಂದ್ರು.

ಬಾಯಿಗೆ ಬೀಗ

ನಾಕನೇದು ದೇವರ ಹಾಡು, ವಿಜಾಪುರದ ದೊಡ್ಡ ಗುಡಿ ದೇವರ ಮ್ಯಾಲ. ಪಲ್ಲವಿ ಹೆಣ್ಣಮಗಳು ಒಬ್ಬಾಕಿನ ಹಾಡಬೇಕು. ಸಾಂಗಲಿಯಿಂದ ಬರಬೇಕಾದಾಕಿ ಬರಲಿಲ್ಲ, ಗಂಟಲಾ ಕಟ್ಟೈತಿ ಅಂತ ಹೇಳಿ ಕಳಿಸಿದ್ಳು. ಸಾಹೇಬ್ರು ಗಡಿಯಾರ ನೋಡಿದ್ರು, ನನ್ನ ನೋಡಿದ್ರು.

"ಇಕಿ ಹಾಡ್ತಾಳ್ರಿ" ಅಂದ್ರು ಇವರು. "ಬೀಸೂಮುಂದ ಹಾಡಿದ್ಳಂದ್ರ ಓಣಿ ನಿಂತು ಕೇಳತೈತಿ."

ಗಂಡ ನಾಕ ಮಂದ್ಯಾಗ ಹಂಗ ಅಂದ್ರ ಯಾವ ಹೆಂಗಸು ಒಲ್ಲೆ ಅಂತಾಳ? ಹೋಗಿ ಮೈಕಿನ ಮುಂದ ನಿಂತೆ. ಕೆಂಪು ದೀಪ ಹತ್ತಿತು. ಮೊದಲನೇ ಸಾಲು ಹಾಡಿದೆ, ನನ್ನ ದನಿ ನನಗ ಚೊಲೊ ಅನಿಸ್ತು. ಎರಡನೇ ಸಾಲಿನ ತುದಿಗೆ ಬಂದೆ. ಬಾಯಿ ಬಂದ್ ಆತು.

ಯಾಕಂದ್ರ ಅಲ್ಲೆ ದೇವರ ಹೆಸರು ಬರತೈತಿ. ಆ ದೇವರ ಹೆಸರು ಏನೈತಿ, ನಮ್ಮ ಮನ್ಯಾವ್ರ ಹೆಸರೂ ಅದ ಐತಿ. ನಮ್ಮ ಕಡೆ ಹೆಂಡ್ತಿ ಆದಾಕಿ ಗಂಡನ ಹೆಸರು ಬಾಯಿಲೆ ತಗಿಯೂದಿಲ್ಲ. ನಾ ಗುಡಿಗೆ ಹ್ವಾದಾಗೂ "ದೊಡ್ಡ ಗುಡಿಯಪ್ಪಾ" ಅಂತ ಕೈ ಮುಗಿತೀನಿ. ದೇವರಿಗೆ ತಿಳಿತೈತಿ. ತಾಲೀಮಿನಾಗ ಆ ಸಾಲು ಇವರ ಹಾಡತಿದ್ರು, ಹಿಂಗಾಗಿ ನನಗೂ ನೆಪ್ಪಿರಲಿಲ್ಲ.

"ಹೇಳ ಬೇ" ಅಂದ್ರು ಇವರು, ಸಣ್ಣ ದನಿಲೆ. "ದೇವರ ಹೆಸರು ಅಂತ ತಿಳ್ಕೊ."

"ದೇವರು ಗುಡಿಯಾಗ ಅದಾನ. ಇಲ್ಲೆ ಎದುರಿಗೆ ನೀವು ನಿಂತೀರಿ."

"ನಾ ಗ್ವಾಡಿ ಕಡೆ ಮಾರಿ ಮಾಡ್ತೀನಿ."

ಮಾಡಿದ್ರು. ಮತ್ತ ಹಾಡಿದೆ. ಅದ ಜಾಗಾಕ್ಕ ಬರೂದ್ರಾಗ ಮತ್ತ ಬೀಗ. ಬೆನ್ನು ಕಂಡ್ರೇನು, ಗಂಡ ಗಂಡನ ಅಲ್ಲೇನ್ರಿ?

ಮಾಸ್ತರು ಒಂದು ಹಾದಿ ಹುಡುಕಿದ್ರು. "ವೈನಿ, ಲಗ್ನದಾಗ ಒಡಪು ಕಟ್ಟಿ ಗಂಡನ ಹೆಸರು ಹೇಳ್ತೀರಲ್ಲ, ಹಂಗ ಹೇಳ್ರಿ."

"ಒಡಪಂದ್ರ ಮುಂದ ಒಂದೆರಡು ಸಾಲು ಕಟ್ಟಿ, ಅದರ ಹೊಟ್ಯಾಗ ಹೆಸರು ಮುಚ್ಚಿಟ್ಟು ಹೇಳಬೇಕ್ರಿ" ಅಂದೆ. "ಬರೇ ಹೆಸರು ಬಿಚ್ಚಿ ಹೇಳಾಕ ಬರೂದಿಲ್ಲ."

"ತಾಳದಾಗ ಅಷ್ಟು ಜಾಗಾ ಎಲ್ಲೈತಿ?" ಅಂದ ಟೇಲರ. "ಒಂದ ಶಬ್ದದ ಜಾಗಾ ಐತಿ."

ಹೊತ್ತು ಹೋಗಾಕತ್ತಿತ್ತು. ಕಡೀಕ ಇವರು ಉಸರು ಬಿಟ್ಟು, "ಆತು, ನೀ ಅಲ್ಲಿಗೆ ನಿಂದರು, ಆ ಜಾಗಾದಾಗ ನಾ ತಂತಿ ಮೀಟ್ತೀನಿ" ಅಂದ್ರು. ನಾ ಹಾಡಿದೆ, ಹೆಸರಿಗೆ ಬಂದು ನಿಂತೆ, ಇವರು ಝಣಝಣ ಅನಿಸಿದ್ರು, ನಾ ಮುಂದಿನ ಸಾಲು ಎತ್ತಿದೆ. ಪ್ರತಿ ಪಲ್ಲವಿಗೂ ಹಂಗ. 

ಸಾಹೇಬ್ರು ಗಾಜಿನ ಆಚೆ ಕಣ್ಣು ಮುಚ್ಚಿ ಕುಂತಿದ್ರು, ನಮ್ಮ ಗುಸುಗುಸು ಅವರಿಗೆ ತಿಳಿದಿರಲಿಲ್ಲ. ಮುಗಿದ ಮ್ಯಾಲ ಬಂದು ನನಗ ಕೈ ಮುಗದ್ರು. "ವಾಹ್ ಬಾಯೀ, ಏನು ನಿಲ್ಲೂದು! ದೊಡ್ಡ ದೊಡ್ಡ ಗವಾಯಿಗೂ ಹಿಂಗ ನಿಲ್ಲಾಕ ಬರೂದಿಲ್ಲ. ಯಾವ ಗುರುಗಳ ಹತ್ರ ಕಲತ್ರಿ?"

"ನಮ್ಮತ್ತಿ ಹತ್ರ" ಅಂದೆ.

ತಿಕೋಟಾದ ಕೈಗುಣ

ಪ್ಲೇಟು ಹೊರಗ ಬಂತು. ನಾವಿಬ್ಬರು ಘೋಣಸಗಿಗೆ ಹೊಂಟಿದ್ವಿ, ತಿಕೋಟಾದಾಗ ಬಸ್ಸು ನಿಂತಿತು. ಇಳದು ಚಹಾದ ಅಂಗಡ್ಯಾಗ ಕುಂತ್ವಿ. ಅಷ್ಟರಾಗ ಒಳಗ ನಮ್ಮ ನಾಕನೇ ಹಾಡು ಹತ್ತಿತು. ಇವರ ಮಾರಿ ಹೂವಿನಂಗ ಅರಳಿತು. "ಸುಮ್ಮ ಕುಂದರು, ನಾವ ಅಂತ ಹೇಳಬ್ಯಾಡ, ಮಂದಿ ಏನಂತಾರ ಕೇಳೂಣು" ಅಂದ್ರು.

ಪಲ್ಲವಿ ಬಂತು. ನನ್ನ ದನಿ ನಿಂತಿತು. ಚಹಾದಾಂವ ಸೋಸೂ ಅರಿವಿ ಬಿಟ್ಟು ಓಡಿ ಬಂದು ಪ್ಲೇಟಿನ ಮಷೀನಿಗೆ ಫಡ್ ಅಂತ ಒಂದು ಹೊಡದ. ಅಷ್ಟೊತ್ತಿಗೆ ನನ್ನ ಮುಂದಿನ ಸಾಲು ಹೆಂಗೂ ಬರೂದಿತ್ತು, ಬಂತು.

"ನೋಡ್ರಿ" ಅಂದ ಗಿರಾಕಿಗೆ. "ಕೈಗುಣ ಅಂತಾರ ಇದಕ್ಕ."

ಮುಂದಿನ ಪಲ್ಲವಿ, ಮತ್ತ ಓಡಿ ಬಂದ, ಮತ್ತ ಫಡ್. ಹಾಡು ಮತ್ತ ಹತ್ತಿತು. ಒಲಿ ಮ್ಯಾಲ ಚಹಾ ಉಕ್ಕಿ ಹೋದ್ರೂ ಅವನಿಗೆ ಪರವಾ ಇಲ್ಲ. ಕುಂತವರೊಳಗ ಒಬ್ಬ ಹಿರೇಮನಷ್ಯಾ, "ಹೊಸಾ ಸೂಜಿ ಹಾಕೋ ಮಾರಾಯಾ" ಅಂದ.

"ಸೂಜಿ ಹೊಸಾದ ಐತ್ರಿ. ಪ್ಲೇಟ ಹಲ್ಕಟ್ ಐತಿ."

ಇವರು ಚಹಾದ ಬಟ್ಟಲಾ ಅರ್ಧಕ್ಕ ಇಟ್ರು. ನನಗ ಒಂದು ಕಡೆ ಹೊಟ್ಟಿ ಹಿಡಿಲಾರದಷ್ಟು ನಗಿ, ಇನ್ನೊಂದು ಕಡೆ ಇವರ ಮಾರಿ ನೋಡಿ ಅಳು. ಎದ್ದು ಬರೂಮುಂದ ಚಹಾದಾಂವ ಇವರಿಗೆ ಬುದ್ಧಿ ಹೇಳಿ ಕಳಿಸಿದ, "ಸಾಹೇಬ್ರ, ನೀವೂ ಈ ಪ್ಲೇಟು ತಗೊಂಡಿದ್ರ ಮ್ಯಾಲ ಹೊಡೀಬ್ಯಾಡ್ರಿ. ಬಗಲಿಗೆ ಹೊಡೀರಿ, ಚೊಲೊ ಹಾಡತೈತಿ."

ನೀವ ಹಾಡಬೇಕಾಗಿತ್ತು

ಪ್ಲೇಟು ಹೆಂಗ ನಡದೈತಿ ಅಂತ ಇವರು ಅಂಗಡಿಗೆ ಹೋಗಿ ಕೇಳಾಕ ಹೆದರಿದ್ರು. ನಾನ ಪ್ಯಾಟಿಗೆ ಹ್ವಾದೆ, ಗಿರಾಕಿ ಹಂಗ ನಿಂತೆ.

"ಒಂದು ಪ್ಲೇಟು ಬೇಕಾಗಿತ್ರಿ."

"ಹಾಡಿದವ್ರ ಹೆಸರು?"

"ಅದು ಹೇಳಾಕ ಬರೂದಿಲ್ಲ."

"ಹಾಡರೆ ಯಾವುದ್ರಿ?"

"ಅದೂ ಹೇಳಾಕ ಬರೂದಿಲ್ಲ." ಹಾಡಿನ ಹೆಸರೂ ಅದ ಆಗಿತ್ತಲ್ಲ!

ಅಂಗಡಿಯಾಂವ ಕನ್ನಡಕ ಮ್ಯಾಲ ಮಾಡಿದ. "ಮತ್ತೇನಾರೆ ಗುರುತು ಹೇಳ್ರಿ ಅಕ್ಕಾರ."

"ನಮ್ಮ ಮನ್ಯಾವ್ರು ಹಾಡ್ಯಾರ್ರಿ" ಅಂದೆ. ದನಿ ಎಷ್ಟು ಸಣ್ಣ ಬಂತಂದ್ರ ಅವನಿಗೆ ಕೇಳಿಸಲ ಇಲ್ಲ.

ಕಡೀಕ ಸೆರಗು ಸರಿ ಮಾಡ್ಕೊಂಡು ಅಲ್ಲೆ ನಿಂತು ಪಲ್ಲವಿ ಹಾಡಿ ತೋರಿಸಿದೆ. ಹೆಸರಿಗೆ ಬಂದು ನಿಂತೆ.

"ಓಹೋ, ಅದಾ!" ಅಂದ. "ನಡುವ ನಡುವ ಬಾಯಿ ಮುಚ್ಚೂ ಪ್ಲೇಟು! ಬ್ಯಾಡ ತಗೀರಿ ಅಕ್ಕಾರ. ಒಯ್ದವರೆಲ್ಲಾ ಕೆಟ್ಟೈತಿ ಅಂತ ತಿರುಗಿ ತಂದು ಹಾಕ್ಯಾರ." ಮೂಲ್ಯಾಗ ಒಟ್ಟಿದ್ದ. ಮನಿಗೆ ಹೋಗಿ ಇವರಿಗೆ ಏನ ಹೇಳ್ಲಿ ಅಂತ ನನಗ ಕಣ್ಣು ಕತ್ತಲಿಟ್ಟವು.

"ಹಾಡಿದಾಕಿ ಯಾರೋ ಪಾಪ, ಮರವಿನಾಕಿ ಕಾಣತೈತಿ" ಅಂದ ಅಂಗಡಿಯಾಂವ, ನನ್ನ ಸಮಾಧಾನಾ ಮಾಡಾವ್ರಂಗ. "ನಿಮ್ಮ ದನಿ ಎಷ್ಟು ಚೊಲೊ ಐತ್ರಿ! ಆಕಿ ಬದ್ಲಿ ನೀವ ಹಾಡಬೇಕಾಗಿತ್ತು ನೋಡ್ರಿ."

ನಿಡೋಣಿ ಲಗ್ನ

ಉಳದ ಪ್ಲೇಟು ಪುಣೆಕ್ಕ ವಾಪಸ್ ಒಯ್ಯಾಕ ಸಾಹೇಬ್ರ ಖುದ್ದ ಬಂದ್ರು. ಅದ ದಿನಾ ನಿಡೋಣ್ಯಾಗ ನಮ್ಮ ಅತ್ತಿ ತಮ್ಮನ ಮಗಳ ಲಗ್ನ. ಮನಿಗೆ ಬಂದ ಮನಷ್ಯಾನ್ನ ಉಪಾಸ ಬಿಡಾಕ ಆಗತೈತೇನು? ಅವರನ್ನೂ ಕರ್ಕೊಂಡು ಹ್ವಾದ್ವಿ.  ಇವರು ಮ್ಯಾಂಡೊಲಿನ್ ಆಗಲೇ ಹಳೇ ಧೋತರದಾಗ ಸುತ್ತಿ ಅಟ್ಟದ ಮ್ಯಾಲ ಇಟ್ಟಿದ್ರು.

ಅಕ್ಕಿಕಾಳು ಬಿದ್ದವು, ಊಟದ ಪಂಗ್ತಿ ಕುಂತವು. ಸಾಹೇಬ್ರು ಹೋಳಿಗಿಗೆ ತುಪ್ಪಾ ಹಾಕಿಸ್ಕೊಂಡು ಮೊದಲನೇ ತುತ್ತು ಮುರದಿದ್ರು. ಮೈಕಿನಾಂವ ಬಬಲೇಶ್ವರದಾಂವ, ಇವರಂದ್ರ ಅವನಿಗೆ ಬಾಳ ಅಭಿಮಾನ. "ನಮ್ಮ ಅಣ್ಣಾವ್ರ ಹೊಸಾ ಪ್ಲೇಟು!" ಅಂತ ಮೈಕಿನಾಗ ಒದರಿ ನಾಕನೇ ಹಾಡ ಹಾಕಿಬಿಟ್ಟ. "ಬ್ಯಾಡೋ, ಬ್ಯಾಡೋ" ಅಂತ ಇವರು ಎಲಿ ಬಿಟ್ಟು ಏಳೂದ್ರಾಗ ನನ್ನ ದನಿ ಮೈಕಿನ ಭೋಂಗಾದಾಗ ಊರ ತುಂಬಾ ಹರಡಿತು.

ನಾ ಹೆಂಗಸರ ಜೋಡಿ ಹೋಳಿಗಿ ಮಾಡೂ ಕಡೆ ಕುಂತಿದ್ದೆ. ಭೂಮಿ ಬಾಯಿ ತೆರೀಲಿ ಅನಿಸ್ತು. ನಮ್ಮತ್ತಿ ಹಂಚಿನ ಮುಂದ ಕುಂತಿದ್ರು. ಅವರಿಗೆ ಈ ಪ್ಲೇಟಿನ ಸುದ್ದಿ ಗೊತ್ತಿತ್ತು, ಹಾಡು ಕೇಳಿರಲಿಲ್ಲ. ಪಲ್ಲವಿ ಬಂತು. ಎರಡನೇ ಸಾಲಿನ ತುದಿ ಬಂತು. ನನ್ನ ಬಾಯಿ ಬಂದ್ ಆತು, ಇವರ ತಂತಿ ಝಣಝಣ ಅಂದವು, ಹಂದರ ಪೂರಾ ಕೈ ಬಾಯಿ ನಿಲ್ಲಿಸಿ ಭೋಂಗಾ ಕಡೆ ನೋಡಿತು. ಮೈಕಿನಾಂವ ಮಷೀನಿಗೆ ಹೊಡ್ಯಾಕ ಕೈ ಎತ್ತಿದ.

ಅಷ್ಟರಾಗ ನಮ್ಮತ್ತಿ ಹೋಳಿಗಿ ತಿರುವೂ ಕೈ ಹಂಗ ಎತ್ತಿ, ಹೊಲದ ಆಚೆ ದಂಡಿಯಾಗಿನ ಎಮ್ಮಿ ಕರಿಯೂ ದನಿಲೆ ತಮ್ಮ ಮಗನ ಹೆಸರು ಒದರಿದ್ರು! ತಾಳಕ್ಕ ಸರಿಯಾಗಿ, ಆ ಜಾಗಾಕ್ಕ ಸರಿಯಾಗಿ. ಯಾವ ಹೆಸರು ಅಂತ ನನ್ನ ಕೇಳಬ್ಯಾಡ್ರಿ.

ಹೋಳಿಗಿ ಮಾಡೂ ಹೆಂಗಸ್ರು ಬಿದ್ದು ಬಿದ್ದು ನಕ್ಕರು. "ಏನ್ ನಗ್ತೀರಿ?" ಅಂದ್ರು ಅತ್ತಿ. "ನನ್ನ ಸೊಸಿ ಬಾಯಿಗೆ ಬರೂದಿಲ್ಲ ಅದು, ಛಂದ ನಡತಿ ಹೆಣ್ಣಮಗಳು. ನಾ ಹಡದಾಕಿ, ನಾ ಹೇಳ್ತೀನಿ. ಒಂದು ಹೆಸರಿನ ಸಲುವಾಗಿ ನನ್ನ ಮಗನ ಹಾಡು ನಿಲ್ಲಬೇಕೇನು?"

ಮುಂದಿನ ಪಲ್ಲವಿಗೆ ಅತ್ತಿ ಜೋಡಿ ಹತ್ತು ಹೆಂಗಸ್ರು ಒದರಿದ್ರು. ಅದರ ಮುಂದಿನದಕ್ಕ ಊಟದ ಪಂಗ್ತಿ ಪೂರಾ. ಕಡೀ ಪಲ್ಲವಿಗೆ ಬಾಸಿಂಗ ಕಟ್ಕೊಂಡಿದ್ದ ಮದುಮಗನೂ ಒದರಿದ. ಹಾಡು ಮುಗಿಯೂದ ತಡಾ, "ಮತ್ತ ಹಾಕೋ, ಮತ್ತ ಹಾಕೋ" ಅಂತ ಗದ್ದಲಾ. ಮತ್ತ ಹಾಕಿದ. ಬೀಗರು ನಮ್ಮ ಕಡೆ ಜೋರೋ ನಿಮ್ಮ ಕಡೆ ಜೋರೋ ಅಂತ ಪಾಳಿ ಹಚ್ಚಿ ಒದರಿದ್ರು. ಹೆಂಡಂದಿರು ಬಾಯಿ ಬಿಡದ ಜಾಗಾದಾಗ ಊರಿಗೆ ಊರ ಬಾಯಿ ಬಿಟ್ಟಿತು. ಇಂಥಾ ಆಟ ಯಾವ ಪ್ಲೇಟಿನಾಗ ಸಿಗತೈತ್ರಿ? ಅಲ್ಲೆ ನಿಂತ ನಿಂತಲ್ಲೆ ಮಂದಿ ಇವರನ್ನ ಸುತ್ತುವರದು ಪ್ಲೇಟು ಎಲ್ಲಿ ಸಿಗತೈತಿ ಅಂತ ಕೇಳಾಕ ಹತ್ತಿದ್ರು.

ಸಾಹೇಬ್ರು ಎಂಜಲ ಕೈ ತೊಳಕೊಳ್ಳದ ಹೋಳಿಗಿ ಹಂಚಿನ ಕಡೆ ಓಡಿ ಬಂದ್ರು. ಹಿಂದ ಇವರು.

"ಆಯೀ, ಏನು ದನಿ! ಪ್ಲೇಟು ವಾಪಸ್ ಒಯ್ಯೂದಿಲ್ಲ, ಇ‌ನ್ನಷ್ಟು ತರಿಸ್ತೀನಿ. ಮುಂದಿನ ಪ್ಲೇಟಿನಾಗ ನೀವು ಹಾಡಬೇಕು."

ಮುಂದಿನ ಪ್ಲೇಟು! ಆ ಮಾತು ಕೇಳಿ ಇವರು ನನ್ನ ಕಡೆ ನೋಡಿದ್ರು. ಅಷ್ಟು ಮಂದ್ಯಾಗ ಗಂಡನ ಮಾರಿ ಹಂಗ ನೋಡಬಾರದು, ನಾನೂ ನೋಡಿದೆ. ಕಣ್ಣಾಗ ನೀರು ಬಂದವು. ಹೊಗಿ ಅಂತ ಹೇಳಿ ಒರಸ್ಕೊಂಡೆ.

ನಮ್ಮತ್ತಿ ಹೋಳಿಗಿ ತಿರುವಿ ಹಾಕಿ, "ಹಾಡ್ತೀನಿ ಬಿಡೋ ಯಪ್ಪಾ, ಅದಕ್ಕೇನಂತ!" ಅಂದ್ರು. "ಯಾವ ದೇವರ ಹಾಡಾದ್ರೂ ಹಾಡ್ತೀನಿ. ಒಬ್ಬ ದೇವರದು ಮಾತ್ರ ಆಗೂದಿಲ್ಲ."

"ಯಾವ ದೇವರದು ಆಯೀ?"

ಅತ್ತಿ ಹಂದರದ ಕಂಬಕ್ಕ ಆತು ಎಲಿ ಅಡಿಕಿ ಹಾಕ್ಕೋತ ಕುಂತಿದ್ದ ಮಾವನೋರ ಕಡೆ ಒಮ್ಮೆ ನೋಡಿದ್ರು. ಹೊಸಾ ಮದುಮಗಳಂಗ ಸೆರಗು ಮುಂದಕ್ಕ ಎಳಕೊಂಡ್ರು.

"ಅದನ್ನ ನಾ ಹೆಂಗ ಹೇಳ್ಲೋ?"

ಸಾಹೇಬ್ರಿಗೆ ತಿಳೀಲಿಲ್ಲ. "ಬಾಯೀ, ನೀವರೆ ಹೇಳ್ರಿ" ಅಂತ ನನ್ನ ಕಡೆ ತಿರುಗಿದ್ರು.

ಮಾವನ ಹೆಸರು! ನಾನೂ ಸೆರಗು ಎಳಕೊಂಡೆ.